ಒಂದೇ ಗಳಿಗೆಗೆ ಇಬ್ಬರು ಹಕ್ಕುದಾರರು: ದುಡಿಮೆ ಮತ್ತು ಮನೆಯ ನಡುವಿನ ತಿಕ್ಕಾಟ ಕತೆಯಾಗುವ ಬಗೆ

ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಿಂದ ಸಾಕಷ್ಟು ಒಳಗೆ, ತೋಟದ ಅಂಚಿನಲ್ಲಿ ಒಂಟಿಯಾಗಿ ನಿಂತ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಡಿಸೆಂಬರ್ ತಿಂಗಳು. ಮೂರು ವಾರ ಕಾಯಿಸಿದ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವನು, ಈ ಬೆಳಗ್ಗೆ ಅಂತೂ ಬಂದಿದ್ದಾನೆ. ನಾಳೆ ಅವನು ಇನ್ನೊಬ್ಬರ ತೋಟದ ಪಾಲು. ಮರದ ತುದಿಯಿಂದ ಹಗ್ಗದ ಮೇಲೆ ಜಾರಿ ಬರುವ ಅಡಿಕೆ ಕೊನೆಯನ್ನು ಕೆಳಗೆ ನಿಂತು ಹಿಡಿಯಲು ಒಬ್ಬರು ಬೇಕೇ ಬೇಕು. ಅಪ್ಪನ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಾಗಿದೆ. ಉಪ್ಪರಿಗೆಯ ಕೋಣೆಯಲ್ಲಿ ಕುಳಿತು ಬೆಂಗಳೂರಿನ ಕಂಪನಿಯೊಂದಕ್ಕೆ ದುಡಿಯುವ ಮಗನಿಗೆ ಹತ್ತೂವರೆಗೆ ಮೀಟಿಂಗ್ ಇದೆ. ಆರು ತಿಂಗಳಿನಿಂದ ಮಾಡಿದ ಕೆಲಸವನ್ನು ಅವನು ಇಂದು ಒಪ್ಪಿಸಬೇಕು. ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅಪ್ಪ ಯಾರೊಡನೆಯೂ ಒಂದು ಮಾತಾಡದೆ, ಊರುಗೋಲನ್ನು ಜಗಲಿಯ ಕಂಬಕ್ಕೆ ಒರಗಿಸಿ, ತೋಟದ ದಾರಿ ಹಿಡಿಯುತ್ತಾರೆ.

ಇಲ್ಲಿ ಯಾರೂ ಯಾರನ್ನೂ ಬೈದಿಲ್ಲ. ಕಂಪನಿಯವರು ದುಷ್ಟರಲ್ಲ, ಅಪ್ಪ ಹಟಮಾರಿಯಲ್ಲ, ಮಗ ಸೋಮಾರಿಯೂ ಅಲ್ಲ. ಆದರೂ ಇನ್ನು ಹತ್ತು ನಿಮಿಷದಲ್ಲಿ ಈ ಮನೆಯಲ್ಲಿ ಏನೋ ಒಂದು ಮುರಿಯಲಿದೆ ಎಂದು ಓದುವವರಿಗೆ ಗೊತ್ತಾಗುತ್ತದೆ. ದುಡಿಮೆ ಮತ್ತು ಬದುಕಿನ ಸಮತೋಲನ ಎಂದು ಪತ್ರಿಕೆಗಳ ಪುರವಣಿಗಳು ಕರೆಯುವ ಸಮಸ್ಯೆ ಕತೆಯೊಳಗೆ ಬಂದಾಗ ಹೇಗೆ ಸಂಘರ್ಷವಾಗುತ್ತದೆ, ಬಹಳ ಸಲ ಏಕೆ ಆಗದೆಯೇ ಉಳಿಯುತ್ತದೆ ಎಂಬುದನ್ನು ಮಲೆನಾಡಿನ ಉದಾಹರಣೆಗಳ ಮೂಲಕ ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ಮೊದಲ ತೊಡಕು ‘ಸಮತೋಲನ’ ಎಂಬ ಮಾತಿನಲ್ಲಿಯೇ ಇದೆ. ಆ ಮಾತು ನಮ್ಮ ಮುಂದೆ ಒಂದು ತಕ್ಕಡಿಯನ್ನು ತಂದಿಡುತ್ತದೆ: ಒಂದು ತಟ್ಟೆಯಲ್ಲಿ ಕೆಲಸ, ಇನ್ನೊಂದರಲ್ಲಿ ಮನೆ. ತಕ್ಕಡಿ ತೂಗುವುದು ಪ್ರಮಾಣವನ್ನು. ಕತೆಗೆ ಬೇಕಾಗುವುದು ಕ್ಷಣ. ದಿನಕ್ಕೆ ಹನ್ನೆರಡು ಗಂಟೆ ದುಡಿದು ಬಸವಳಿದು ಬರುವವನ ಬಗ್ಗೆ ನಮಗೆ ಮರುಕ ಹುಟ್ಟಬಹುದು, ಆದರೆ ಆ ಬಸವಳಿಕೆಯನ್ನು ಮೂರು ಪುಟ ವರ್ಣಿಸಿದರೂ ಅದು ಕತೆಯಾಗದು. ಸಮಯದ ಕೊರತೆ ಒಂದು ಸ್ಥಿತಿ, ಸಂಘರ್ಷ ಒಂದು ಘಟನೆ. ಸ್ಥಿತಿ ಘಟನೆಯಾಗಿ ತಿರುಗಬೇಕಾದರೆ ಒಂದೇ ಗಳಿಗೆಯ ಮೇಲೆ ಇಬ್ಬರು ಹಕ್ಕು ಸ್ಥಾಪಿಸಬೇಕು, ಇಬ್ಬರ ಹಕ್ಕೂ ನ್ಯಾಯವಾದದ್ದಾಗಿರಬೇಕು, ಮತ್ತು ಆ ಗಳಿಗೆಯಲ್ಲಿ ಬಿಟ್ಟದ್ದನ್ನು ಮರುದಿನ ಮಾಡಿ ಸರಿಪಡಿಸಲು ಬರಬಾರದು. ನಾಳೆ ಮಾಡಬಹುದಾದ ಕೆಲಸವನ್ನು ಮುಂದಿಟ್ಟುಕೊಂಡು ಪಾತ್ರವೊಂದು ನರಳುತ್ತಿದ್ದರೆ ಓದುಗನಿಗೆ ಅದರ ಮೇಲೆ ಸಿಟ್ಟು ಬರುತ್ತದೆ. ಬರುವುದು ಸರಿಯೂ ಹೌದು.

ನಾಳೆಗೆ ನಿಲ್ಲುವ ಕೆಲಸ ಯಾವುದು, ನಿಲ್ಲದ ಕೆಲಸ ಯಾವುದು ಎಂಬ ತಿಳಿವಳಿಕೆ ಆದ್ದರಿಂದ ಕತೆಗಾರನಿಗೆ ಅತ್ಯಗತ್ಯ. ಈ ವಿಷಯದಲ್ಲಿ ಮಲೆನಾಡು ನಮಗೆ ಒಂದು ಅನುಕೂಲ ಮಾಡಿಕೊಟ್ಟಿದೆ. ಇಲ್ಲಿ ಒಂದೇ ಮನೆಯೊಳಗೆ ಎರಡು ಗಡಿಯಾರಗಳು ನಡೆಯುತ್ತವೆ. ಒಂದು ಕಚೇರಿಯದು. ಇನ್ನೊಂದು ಮಳೆ, ಮರ ಮತ್ತು ಕಾಯಿಯದು. ಅಡಿಕೆಯ ಕೊಳೆ ರೋಗವನ್ನೇ ತೆಗೆದುಕೊಳ್ಳಿ. ಅದನ್ನು ತಡೆಯಲು ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣವನ್ನು ನೂರು ಲೀಟರ್ ನೀರಿನಲ್ಲಿ ಬೆರೆಸಿ ಮಾಡಿದ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿದುಕೊಳ್ಳುವ ಮೊದಲು ಒಮ್ಮೆ, ಅದಾದ ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ ಕೊನೆಗಳಿಗೆ ಹೊಡೆಯಬೇಕು. ಮೊದಲ ಸಲದ್ದು ಹೇಗೋ ನಡೆದುಹೋಗುತ್ತದೆ. ಎರಡನೆಯದರ ಹೊತ್ತಿಗೆ ಪುನರ್ವಸು, ಪುಷ್ಯ ಮಳೆಗಳು ಜಡಿಯುತ್ತಿರುತ್ತವೆ. ಮಳೆಯಲ್ಲಿ ಹೊಡೆದ ಔಷಧಿ ತೊಳೆದುಹೋಗುವುದರಿಂದ ಒಂದು ಹೊಳವಿಗಾಗಿ, ಅಂದರೆ ಮಳೆಯ ನಡುವಿನ ಬಿಡುವಿಗಾಗಿ, ಕಾಯಬೇಕು. ಹೊಳವು ಬಂದ ದಿನ ಊರಿನ ಎಲ್ಲ ತೋಟದವರೂ ಇರುವ ಇಬ್ಬರು ಮೂವರು ಔಷಧಿ ಹೊಡೆಯುವವರಿಗಾಗಿ ಓಡುತ್ತಾರೆ. ಆ ಒಂದು ದಿನ ತಪ್ಪಿದರೆ ಮುಂದಿನ ಹೊಳವಿನ ಹೊತ್ತಿಗೆ ಕಾಯಿ ಉದುರಿ ಮರದ ಬುಡದಲ್ಲಿ ಬಿದ್ದಿರುತ್ತದೆ.

ಇದರ ಎದುರಿಗೆ ಕಚೇರಿಯ ಗಡಿಯಾರವನ್ನು ಇಟ್ಟು ನೋಡಿ. ರಜೆ ಬೇಕಾದರೆ ಒಂದು ವಾರ ಮೊದಲೇ ಅರ್ಜಿ ಹಾಕಬೇಕು ಎನ್ನುವುದು ಬಹಳಷ್ಟು ಕಡೆಯ ನಿಯಮ. ಆಕಾಶವಾದರೋ ಅರ್ಧ ದಿನದ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಮಂಗಳವಾರಕ್ಕೆಂದು ರಜೆ ತೆಗೆದುಕೊಂಡು ಬೆಂಗಳೂರಿನಿಂದ ಬಂದವನು ಇಡೀ ದಿನ ಜಗಲಿಯಲ್ಲಿ ಮಳೆ ನೋಡುತ್ತ ಕುಳಿತು, ರಾತ್ರಿ ಬಸ್ಸಿಗೆ ವಾಪಸು ಹೋದ ಮೇಲೆ ಗುರುವಾರ ಬೆಳಗ್ಗೆ ಹೊಳವಾಗುತ್ತದೆ. ಇಷ್ಟನ್ನೇ ನೇರವಾಗಿ ಬರೆದರೂ ಅದೊಂದು ಕತೆ. ನನ್ನ ಅನುಭವದಲ್ಲಿ ಹೊಸ ಕತೆಗಾರರು ಗಮನಿಸದೆ ಬಿಡುವ ಒಂದು ವ್ಯಂಗ್ಯವೂ ಇದರಲ್ಲಿದೆ. ಕಾಯಲಾರದ ಕೆಲಸಕ್ಕೆ ಯಜಮಾನನಿಲ್ಲ, ಅದು ಫೋನು ಮಾಡುವುದಿಲ್ಲ, ಮೆಮೊ ಕೊಡುವುದಿಲ್ಲ. ಫೋನು ಮಾಡುವ ಕೆಲಸ ಹೆಚ್ಚಿನ ಸಲ ಎರಡು ದಿನ ಕಾಯಬಲ್ಲದು. ಪಾತ್ರಕ್ಕೆ ಕೂಗಿ ಕರೆಯುವ ದನಿ ಮಾತ್ರ ಕೇಳಿಸುತ್ತದೆ, ಮೌನವಾಗಿ ಮುಗಿದುಹೋಗುತ್ತಿರುವುದು ಕೇಳಿಸುವುದಿಲ್ಲ. ಓದುಗನಿಗೆ ಎರಡೂ ಕೇಳಿಸುವಂತೆ ಮಾಡಿದರೆ ಸಂಘರ್ಷದ ಅರ್ಧ ಕೆಲಸ ಮುಗಿಯಿತು.

ಈ ತಿಕ್ಕಾಟದ ಬಗೆಗಳನ್ನು ವಿಂಗಡಿಸಿಕೊಳ್ಳಲು ಕತೆಗಾರರಲ್ಲದ ಇಬ್ಬರು ವಿದ್ವಾಂಸರ ನೆರವು ಪಡೆಯಬಹುದು. ಜೆಫ್ರಿ ಗ್ರೀನ್‌ಹೌಸ್ ಮತ್ತು ನಿಕೋಲಸ್ ಬ್ಯೂಟೆಲ್ ಎಂಬ ಅಮೆರಿಕದ ಆಡಳಿತಶಾಸ್ತ್ರಜ್ಞರು 1985ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಉದ್ಯೋಗ ಮತ್ತು ಕುಟುಂಬದ ನಡುವಣ ತಿಕ್ಕಾಟಕ್ಕೆ ಮೂರು ಮೂಲಗಳನ್ನು ಗುರುತಿಸಿದರು. ಒಂದರಲ್ಲಿ ಕಳೆದ ಸಮಯ ಇನ್ನೊಂದಕ್ಕೆ ಸಿಗದಿರುವುದು ಮೊದಲನೆಯದು. ಒಂದರ ದಣಿವು, ಆತಂಕಗಳು ಇನ್ನೊಂದಕ್ಕೆ ಹರಿದುಬರುವುದು ಎರಡನೆಯದು. ಒಂದು ಕಡೆ ಸರಿ ಎನಿಸಿಕೊಂಡ ನಡವಳಿಕೆ ಇನ್ನೊಂದು ಕಡೆ ತಪ್ಪಾಗುವುದು ಮೂರನೆಯದು. ನಮ್ಮ ಕತೆಗಳಲ್ಲಿ ಹತ್ತರಲ್ಲಿ ಒಂಬತ್ತು ಮೊದಲನೆಯದರಲ್ಲೇ ನಿಂತುಬಿಡುತ್ತವೆ ಎಂಬುದು ನನ್ನ ದೂರು. ಹುಟ್ಟುಹಬ್ಬಕ್ಕೆ ಬಾರದ ಅಪ್ಪ, ಶಾಲೆಯ ವಾರ್ಷಿಕೋತ್ಸವ ತಪ್ಪಿಸಿಕೊಂಡ ಅಮ್ಮ, ಇವು ಸವೆದ ನಾಣ್ಯಗಳು. ಉಳಿದೆರಡು ಮೂಲಗಳಲ್ಲಿ ಇನ್ನೂ ಅಗೆಯದ ನೆಲ ಬಹಳಷ್ಟಿದೆ.

ಎರಡನೆಯ ಬಗೆಗೆ ಭದ್ರಾವತಿಯನ್ನು ನೋಡಬಹುದು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ, ಈ ಎರಡರ ಪಾಳಿಗಳು ಆ ಊರಿನ ಹಗಲು ರಾತ್ರಿಗಳನ್ನು ಹಲವು ತಲೆಮಾರುಗಳ ಕಾಲ ಹಂಚಿಕೊಟ್ಟವು. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಹಗಲು ಮಲಗುವ ಕ್ವಾರ್ಟರ್ಸ್ ಮನೆಯೊಂದನ್ನು ಕಲ್ಪಿಸಿಕೊಳ್ಳಿ. ಆ ಮನೆಯಲ್ಲಿ ಮಕ್ಕಳು ಪಿಸುಮಾತಿನಲ್ಲಿ ಜಗಳವಾಡುವುದನ್ನು ಕಲಿಯುತ್ತಾರೆ. ಕುಕ್ಕರ್ ಕೂಗುವ ಮೊದಲೇ ಅಮ್ಮ ಒಲೆ ಆರಿಸುತ್ತಾಳೆ. ಅಪ್ಪ ಮನೆಯಲ್ಲಿಯೇ ಇದ್ದಾರೆ, ಎಂಟು ಗಂಟೆ ಕಾಲ ಎಲ್ಲರ ಕಣ್ಣೆದುರಿನ ಕೋಣೆಯಲ್ಲಿಯೇ ಇದ್ದಾರೆ. ಗಂಟೆಗಳ ಲೆಕ್ಕದಲ್ಲಿ ಯಾವ ಕೊರತೆಯೂ ಇಲ್ಲ. ಕೊರತೆ ಇರುವುದು ಸದ್ದಿನಲ್ಲಿ. ಈಗ ಕತೆಯನ್ನು ಇಪ್ಪತ್ತು ವರ್ಷ ಮುಂದಕ್ಕೆ ತನ್ನಿ: ಕಾಗದದ ಯಂತ್ರಗಳು ನಿಂತಿವೆ, ಅಪ್ಪ ರಾತ್ರಿ ಮಲಗಿ ಹಗಲು ಎದ್ದಿರುತ್ತಾರೆ, ಮಾತಿಗೆ ಹಾತೊರೆಯುತ್ತಾರೆ, ಆದರೆ ಆ ಮನೆಯವರಿಗೆ ದೊಡ್ಡ ದನಿಯಲ್ಲಿ ಮಾತಾಡುವುದೇ ಮರೆತುಹೋಗಿದೆ. ಕಾರ್ಖಾನೆ ಮುಚ್ಚಿದ ದುಃಖವನ್ನು ಬೇಡಿಕೆಗಳ ಭಾಷೆಯಲ್ಲಿ ಹೇಳುವ ಕತೆಗಿಂತ ಈ ಪಿಸುಮಾತಿನ ಮನೆ ಹೆಚ್ಚನ್ನು ಹೇಳಬಲ್ಲದು.

ಮೂರನೆಯ ಬಗೆಗೆ ಹೆಚ್ಚು ವಿವರಣೆ ಬೇಕಿಲ್ಲ, ಒಂದು ನಿದರ್ಶನ ಸಾಕು. ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷ ದುಡಿದ ನರ್ಸ್ ಒಬ್ಬಳು ಸಾವಿನ ಸುದ್ದಿಯನ್ನು ಏರಿಳಿತವಿಲ್ಲದ ದನಿಯಲ್ಲಿ ಹೇಳುವುದನ್ನು ಕಷ್ಟಪಟ್ಟು ಕಲಿತಿದ್ದಾಳೆ. ಆ ದನಿ ಎಷ್ಟೋ ಮನೆಯವರಿಗೆ ಆಸರೆಯಾಗಿದೆ. ಒಂದು ರಾತ್ರಿ ಅವಳ ಅತ್ತೆ ತೀರಿಕೊಳ್ಳುತ್ತಾರೆ. ಊರಿಗೆ ಫೋನು ಮಾಡಿ ನಾದಿನಿಗೆ ಆ ಸುದ್ದಿಯನ್ನು ಅವಳು ಅದೇ ದನಿಯಲ್ಲಿ ಹೇಳುತ್ತಾಳೆ. ಮನೆಯವರು ಅದನ್ನು ಎಂದಿಗೂ ಕ್ಷಮಿಸುವುದಿಲ್ಲ. ಇಲ್ಲಿ ಸಮಯದ ಪ್ರಶ್ನೆಯೇ ಇಲ್ಲ ಎಂಬುದನ್ನು ಗಮನಿಸಬೇಕು. ವೃತ್ತಿ ಅವಳ ಗಂಟಲಿನೊಳಗೇ ಮನೆ ಮಾಡಿದೆ.

ಯಾವ ದುಡಿಮೆಯನ್ನು ದುಡಿಮೆ ಎಂದು ಎಣಿಸುತ್ತೇವೆ ಎಂಬುದು ಇದರ ಜೊತೆಗೇ ಬರುವ ಪ್ರಶ್ನೆ. 1948ರ ಕಾರ್ಖಾನೆಗಳ ಕಾಯ್ದೆ ಕಾರ್ಮಿಕನಿಗೆ ವಾರಕ್ಕೆ 48 ಗಂಟೆಗಳ ಮಿತಿ ಹಾಕಿಕೊಟ್ಟಿತು, ಹೆಚ್ಚುವರಿ ಕೆಲಸಕ್ಕೆ ಎರಡರಷ್ಟು ಕೂಲಿ ಎಂದಿತು. ಅಡುಗೆಮನೆಗೆ ಅಂಥ ಮಿತಿ ಹಾಕಿದ ಕಾಯ್ದೆ ಇಲ್ಲ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರೆ, ಅದರಲ್ಲಿ ತೊಡಗುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಈ ಅಂಕಿಗಳು 289 ಮತ್ತು 88 ಆದವು. ಎರಡೂ ಕಡೆ ಇಳಿದು, ಅಂತರ ಹೆಚ್ಚುಕಡಿಮೆ ಇದ್ದ ಹಾಗೆಯೇ ಉಳಿಯಿತು. ಕತೆಯಲ್ಲಿ ಅಂಕಿಗಳಿಗೆ ಜಾಗವಿಲ್ಲ, ನಿಜ. ಆದರೆ ಕತೆಗಾರ ಒಂದು ಲೆಕ್ಕವನ್ನು ತನಗಾಗಿ ಇಟ್ಟುಕೊಳ್ಳಬೇಕು. ಮಗ ಮೀಟಿಂಗಿನಲ್ಲಿ ಕುಳಿತ ಮೂರು ಗಂಟೆಯನ್ನು ಅವನಿಗೆ ಕೊಟ್ಟವರು ಯಾರು? ಅಡಿಕೆ ಸುಲಿಯಲು ಬಂದವರಿಗೆ ರಾತ್ರಿ ಒಂಬತ್ತಕ್ಕೆ ಕಾಫಿ, ಹನ್ನೊಂದಕ್ಕೆ ಊಟ, ಬೆಳಗಿನ ಜಾವ ಅಡಿಕೆ ಬೇಯಿಸುವ ಹಂಡೆಗೆ ಬೆಂಕಿ, ಇವನ್ನೆಲ್ಲ ನೋಡಿಕೊಂಡು ಬೆಳಗ್ಗೆ ಎಂಟಕ್ಕೆ ಶಾಲೆಗೆ ಪಾಠ ಮಾಡಲು ಹೋಗುವ ಸೊಸೆಯ ಕಡೆಗೆ ಕತೆ ತಿರುಗಿ ನೋಡದಿದ್ದರೆ, ಸಂಘರ್ಷ ಇರುವುದು ಉಪ್ಪರಿಗೆಯಲ್ಲಿ ಮಾತ್ರ ಎಂಬ ತಪ್ಪು ತಿಳಿವಳಿಕೆ ಉಳಿಯುತ್ತದೆ. ಎರಡು ಹಕ್ಕುಗಳ ನಡುವೆ ಸಿಕ್ಕಿಕೊಂಡವನಿಗಿಂತ, ಸದ್ದಿಲ್ಲದೆ ತನ್ನ ಸಮಯವನ್ನು ಸಾಲ ಕೊಡುತ್ತಿರುವ ಮೂರನೆಯವಳು ಎಷ್ಟೋ ಸಲ ಗಟ್ಟಿ ಪಾತ್ರ. ಆ ಸಾಲವನ್ನು ಅವಳು ಯಾವತ್ತು ವಾಪಸು ಕೇಳುತ್ತಾಳೆ ಎಂಬುದರ ಸುತ್ತ ಒಂದು ಕಾದಂಬರಿಯನ್ನೇ ಕಟ್ಟಬಹುದು.

ಸಾಲದ ಮಾತು ಬಂದದ್ದರಿಂದ ಮಲೆನಾಡಿನ ಇನ್ನೊಂದು ಪದವನ್ನು ಇಲ್ಲಿ ನೆನೆಯಬೇಕು: ಮುಯ್ಯಾಳು. ಇಂದು ನೀವು ನಮ್ಮ ಗದ್ದೆಗೆ ಬಂದರೆ ನಾಳೆ ನಾವು ನಿಮ್ಮ ಗದ್ದೆಗೆ ಬರುತ್ತೇವೆ ಎನ್ನುವ ಲೆಕ್ಕ ಅದು, ಬರೆದಿಟ್ಟ ಕಾಗದವಿಲ್ಲದ ಲೆಕ್ಕ. ಮುಯ್ಯಿಗೆ ಮುಯ್ಯಿಯೇ ತೀರುವಳಿ. ದುಡ್ಡು ಕೊಟ್ಟರೆ ಅದು ಕೂಲಿಯಾಗುತ್ತದೆ, ಕೊಟ್ಟವನು ನೆರೆಯವನ ಸ್ಥಾನದಿಂದ ಯಜಮಾನನ ಸ್ಥಾನಕ್ಕೆ ಜಾರುತ್ತಾನೆ. ಶಿವಮೊಗ್ಗದ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದ ಮಗಳು ತನ್ನ ಮನೆಗೆ ಬಂದಿದ್ದ ಆರು ಆಳಿನ ಮುಯ್ಯಿಯನ್ನು ತೀರಿಸಲು ನಾಟಿಯ ದಿನ ರಜೆ ಸಿಗದೆ, ಆರು ಜನರ ಕೂಲಿಯನ್ನು ಲಕೋಟೆಯಲ್ಲಿ ಹಾಕಿ ಪಕ್ಕದ ಮನೆಗೆ ಕಳಿಸುತ್ತಾಳೆ ಎಂದಿಟ್ಟುಕೊಳ್ಳಿ. ಅವಳ ಮಟ್ಟಿಗೆ ಅದು ಪ್ರಾಮಾಣಿಕತೆ. ಲಕೋಟೆ ತೆರೆದವರಿಗೆ ಅದು ಅವಮಾನ. ಮರುವರ್ಷ ಆ ಮನೆಯಿಂದ ಯಾರೂ ಬರುವುದಿಲ್ಲ, ಜಗಳವೂ ಆಗುವುದಿಲ್ಲ, ಸಿಕ್ಕಾಗ ಮಾತು ಮಾತ್ರ ಬಹುವಚನಕ್ಕೆ ಏರಿರುತ್ತದೆ. ಸಮತೋಲನ ತಪ್ಪಿದ್ದು ಅವಳ ದಿನಚರಿಯಲ್ಲಲ್ಲ, ಎರಡು ಮನೆಗಳ ನಡುವಿನ ಬೇಲಿಯಲ್ಲಿ. ನಗರದ ಕತೆಗಳಲ್ಲಿ ‘ಬದುಕು’ ಎಂದರೆ ಗಂಡ, ಹೆಂಡತಿ, ಮಕ್ಕಳು. ಇಲ್ಲಿ ಆ ಪದದೊಳಗೆ ನೆರೆಯೂ ಸೇರುತ್ತದೆ ಎಂಬುದನ್ನು ಬರೆಯುವವರು ಮರೆಯಬಾರದು.

ಇಷ್ಟನ್ನೂ ಒಂದೆಡೆ ತಂದು ಒಂದು ಕತೆಯನ್ನು ಹೇಗೆ ಕಟ್ಟಬಹುದು ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಬ್ಬ ಆಶಾ ಕಾರ್ಯಕರ್ತೆ. ಮಂಗನ ಕಾಯಿಲೆ ಎಂದು ನಾವು ಕರೆಯುವ ಕ್ಯಾಸನೂರು ಕಾಡಿನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾಯಿತು. ಉಣುಗು (ಉಣ್ಣಿ) ಕಚ್ಚುವುದರಿಂದ ಹರಡುವ ಈ ಜ್ವರ ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಅಡಿಕೆ ಕೊಯಿಲಿನ ಕೊನೆಯ ಭಾಗವೂ, ಕೊಟ್ಟಿಗೆಗೆ ಹಾಸಲು ಕಾಡಿನಿಂದ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರುವ ಕಾಲವೂ ಅದೇ. ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ಉಣುಗು ಕಚ್ಚದಂತೆ ಮೈಗೆ ಈ ಎಣ್ಣೆ ಹಚ್ಚಿಕೊಳ್ಳಿ, ಜ್ವರ ಬಂದರೆ ಮುಚ್ಚಿಡಬೇಡಿ ಎಂದು ಮನೆಮನೆಗೆ ಹೋಗಿ ಹೇಳುವುದು ಅವಳ ಕೆಲಸ. ಆ ಕೆಲಸಕ್ಕೆ ಸಿಗುವುದನ್ನು ಸರ್ಕಾರ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತದೆ. ಈ ಒಂದು ಪದವೇ ಕತೆಗಾರನ ಕೈಗೆ ಸಿಕ್ಕ ಕೀಲಿಕೈ. ಸರ್ಕಾರವೇ ಸಂಬಳ ಎಂದು ಕರೆಯದ ದುಡಿಮೆಯನ್ನು ಮನೆಯವರು ಉದ್ಯೋಗ ಎಂದು ಒಪ್ಪಿಕೊಳ್ಳುವುದು ಹೇಗೆ? “ಊರು ಸುತ್ತೋದು ಮುಗೀತಾ?” ಎಂಬ ಅತ್ತೆಯ ಮಾತಿನಲ್ಲಿ ಕೆಟ್ಟತನವಿಲ್ಲ, ಅವರಿಗೆ ನಿಜಕ್ಕೂ ಹಾಗೆಯೇ ಕಾಣುತ್ತದೆ.

ಜನವರಿಯ ಒಂದು ದಿನ ಪಕ್ಕದ ಹಾಡಿಯಲ್ಲಿ, ಅಂದರೆ ಊರಂಚಿನ ಕಾಡಿನಲ್ಲಿ, ಸತ್ತ ಮಂಗ ಕಂಡಿದೆ ಎಂಬ ಸುದ್ದಿ ಬರುತ್ತದೆ. ಅಂದು ಅವಳು ಮೂವತ್ತು ಮನೆ ತಿರುಗಬೇಕು. ಮನೆಯಲ್ಲಿ ಹಿಂದಿನ ದಿನ ಕೊಯ್ದ ಅಡಿಕೆ ಅಂಗಳದಲ್ಲಿ ರಾಶಿ ಬಿದ್ದಿದೆ, ಗಂಡ ಸುಲಿಯುವವರನ್ನು ಕರೆತರಲು ಹೋಗಿದ್ದಾನೆ, ಕೊಟ್ಟಿಗೆ ಒದ್ದೆಯಾಗಿದೆ. ಅವಳು ಹೊರಟುಹೋಗುತ್ತಾಳೆ. ಕಾಡಿಗೆ ಹೋಗಬೇಡಿ ಎಂದು ಮೂವತ್ತು ಮನೆಗಳಲ್ಲಿ ಹೇಳಿ ಸಂಜೆ ತಿರುಗಿ ಬಂದಾಗ ಕೊಟ್ಟಿಗೆಯಲ್ಲಿ ಹೊಸ ದರಗು ಹಾಸಿರುವುದು ಕಾಣಿಸುತ್ತದೆ. ಮಾಡುವವರಿಲ್ಲವೆಂದು ಅತ್ತೆ ತಾವೇ ಕುಕ್ಕೆ ಹೊತ್ತು ಕಾಡಿಗೆ ಹೋಗಿ ಬಂದಿದ್ದಾರೆ. ಎಣ್ಣೆಯ ಬಾಟಲಿ ಅವಳ ಚೀಲದಲ್ಲಿತ್ತು. ಅವಳ ಮನೆಯೊಂದನ್ನು ಬಿಟ್ಟು ಉಳಿದೆಲ್ಲ ಮನೆಗಳಿಗೂ ಹೋಗಿ ಬಂದಿತ್ತು.

ಈ ಸನ್ನಿವೇಶದ ಬಲ ಎಲ್ಲಿದೆ ಎಂದರೆ, ಇಲ್ಲಿ ಎರಡು ಕರ್ತವ್ಯಗಳು ಪರಸ್ಪರ ಸಮಯವನ್ನು ಕಸಿದುಕೊಳ್ಳುವುದರ ಜೊತೆಗೆ ಒಂದು ಇನ್ನೊಂದರ ಅರ್ಥವನ್ನೇ ಅಳಿಸುತ್ತದೆ. ಅವಳು ಯಾವ ಅಪಾಯವನ್ನು ತಡೆಯಲು ಹೊರಗೆ ಹೋದಳೋ ಅವಳು ಹೊರಗೆ ಹೋದದ್ದರಿಂದಲೇ ಆ ಅಪಾಯ ಮನೆಯೊಳಗೆ ಬಂದಿದೆ. ಇನ್ನು ಮುಂದಿನದನ್ನು ಕಟ್ಟಲು ರೋಗದ ಗುಣವೇ ನೆರವಾಗುತ್ತದೆ. ಸೋಂಕು ತಗಲಿದ ಮೂರರಿಂದ ಎಂಟು ದಿನಗಳ ಒಳಗೆ ಜ್ವರ ಕಾಣಿಸಿಕೊಳ್ಳುತ್ತದೆ; ಹಾಗಾಗಿ ಕತೆಗೆ ಎಂಟು ದಿನಗಳ ಒಂದು ಹಾಸು ತಾನಾಗಿಯೇ ಸಿಗುತ್ತದೆ. ಮೊದಲ ರಾತ್ರಿ ಅವಳು ಬೈಯದೆ, ಬಲ್ಬಿನ ಬೆಳಕಿನಲ್ಲಿ ಕುಳಿತು ಅತ್ತೆಯ ಪಾದ, ಮೀನಖಂಡಗಳಲ್ಲಿ ಉಣುಗು ಹುಡುಕುತ್ತಾಳೆ. ಎಷ್ಟೋ ವರ್ಷಗಳಲ್ಲಿ ಆ ಇಬ್ಬರು ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಮೊದಲು. ನಾಲ್ಕನೆಯ ದಿನ ಮೈ ಬಿಸಿಯಾದರೆ ಅವಳ ಮುಂದೆ ಇನ್ನೊಂದು ಪ್ರಶ್ನೆ ನಿಲ್ಲುತ್ತದೆ: ಜ್ವರದ ವಿವರ ತುಂಬುವ ವಹಿಯಲ್ಲಿ ತನ್ನದೇ ಮನೆಯ ಸಾಲನ್ನು ಅವಳು ತನ್ನದೇ ಕೈಬರಹದಲ್ಲಿ ತುಂಬಬೇಕು. ಅತ್ತೆಗೆ ನಿಜಕ್ಕೂ ಆ ಕಾಯಿಲೆಯೇ ಬಂತೋ ಅಥವಾ ಅದು ಬರಿಯ ಸೀತಜ್ವರವೋ ಎಂಬುದನ್ನು ಕತೆ ಹೇಳಲೇಬೇಕೆಂದಿಲ್ಲ. ನನ್ನನ್ನು ಕೇಳಿದರೆ ವಹಿಯ ಆ ಸಾಲಿನವರೆಗೆ ಬಂದು ನಿಲ್ಲುವುದು ಒಳ್ಳೆಯದು.

ಮಾಡಬಾರದವುಗಳ ಬಗ್ಗೆ ಎರಡು ಮಾತು. ಮೇಲಧಿಕಾರಿಯನ್ನು ರಾಕ್ಷಸನನ್ನಾಗಿ ಮಾಡಿದ ಕೂಡಲೇ ಕತೆ ಸುಲಭವಾಗುತ್ತದೆ, ಸುಲಭವಾದಷ್ಟೂ ತೆಳುವಾಗುತ್ತದೆ. ಏಕೆಂದರೆ ಆಗ ಪಾತ್ರದ ಮುಂದೆ ಉಳಿಯುವುದು ತಪ್ಪು ಮತ್ತು ಸರಿಯ ನಡುವಿನ ಆಯ್ಕೆ, ಅದನ್ನು ಯಾರು ಬೇಕಾದರೂ ಮಾಡಬಹುದು. ನಾನು ಬಹಳ ಹಿಂದೆ ಬರೆದ ಮೊದಲ ಕತೆಯಲ್ಲಿ ಕ್ರೂರಿ ಮ್ಯಾನೇಜರ್ ಇದ್ದ, ಅವನ ಮುಖಕ್ಕೆ ರಾಜೀನಾಮೆ ಎಸೆದು ಊರಿಗೆ ಮರಳಿದ ನಾಯಕನಿದ್ದ, ಕೊನೆಯ ವಾಕ್ಯದಲ್ಲಿ ಮಣ್ಣಿನ ವಾಸನೆಯೂ ಇತ್ತು. ಅದನ್ನು ಓದಿದ ಹಿರಿಯರೊಬ್ಬರು, ಸ್ವತಃ ನಾಲ್ಕು ಎಕರೆ ತೋಟ ಇಟ್ಟುಕೊಂಡವರು, ಹೊಗಳಲೂ ಇಲ್ಲ, ತೆಗಳಲೂ ಇಲ್ಲ. “ಇವನು ಅಲ್ಲಿ ಕೆಲಸದಲ್ಲಿದ್ದ ಅಷ್ಟು ವರ್ಷ ಕೊಳೆಗೆ ಔಷಧಿ ಹೊಡೆಸಿದ್ದು ಯಾರು?” ಎಂದಷ್ಟೇ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಊರಿನಲ್ಲಿ ಉಳಿದ ಒಬ್ಬ ತಮ್ಮ, ಒಬ್ಬಳು ತಂಗಿ, ಒಬ್ಬ ತಾಯಿ ಇರಲೇಬೇಕಿತ್ತು, ಮರಳಿ ಬಂದ ಅಣ್ಣನನ್ನು ಕಂಡು ಅವರಿಗೆ ಸಂತೋಷಕ್ಕಿಂತ ಹೆಚ್ಚು ಅನುಮಾನವಾಗಬೇಕಿತ್ತು. ಊರಿಗೆ ಮರಳುವುದರಿಂದ ತಿಕ್ಕಾಟ ಮುಗಿಯುವುದಿಲ್ಲ; ತೋಟ ಎಂಬ ಯಜಮಾನ ಭಾನುವಾರವನ್ನೂ ಕೊಡುವುದಿಲ್ಲ.

ಸಂಭಾಷಣೆಯ ವಿಷಯದಲ್ಲಿಯೂ ಎಚ್ಚರ ಬೇಕು. “ನಿನಗೆ ನಮಗಿಂತ ಕೆಲಸವೇ ಹೆಚ್ಚಾಯಿತು” ಎಂದು ನಮ್ಮ ಕಡೆಯ ತಂದೆತಾಯಿ ಹೇಳುವುದು ಅಪರೂಪ. ಅವರು “ಆಯ್ತು, ನೀ ಕೆಲಸ ನೋಡ್ಕೋ ಮಾರಾಯ” ಎನ್ನುತ್ತಾರೆ, ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ದೂರನ್ನು ಮಾತಿಗಿಂತ ವಸ್ತುಗಳ ಮೇಲೆ ಹೊರಿಸುವುದು ಲೇಸು. ಶನಿವಾರ ಬೆಳಗ್ಗೆ ಬಸ್ಸಿಳಿದು ಬಂದ ಮಗನಿಗೆಂದು ತೆಗೆದಿಟ್ಟ ಬಚ್ಚಲ ಬಿಸಿನೀರು, ಭಾನುವಾರ ಸಂಜೆ ಅವನು ಚೀಲ ಕಟ್ಟುವಾಗ ಯಾರೂ ಕೇಳದೆ ಒಳಗೆ ಸೇರುವ ಉಪ್ಪಿನಕಾಯಿಯ ಡಬ್ಬಿ, ಕರೆಂಟು ಹೋದ ಕೂಡಲೇ ಟವರೂ ಹೋಗಿ ಫೋನು ಹಿಡಿದು ಗುಡ್ಡ ಹತ್ತುವ ಹುಡುಗಿಯ ಚಪ್ಪಲಿಗೆ ಮೆತ್ತಿದ ಕೆಸರು, ಇವು ಸ್ವಗತಗಳಿಗಿಂತ ನಿಖರವಾಗಿ ಮಾತಾಡುತ್ತವೆ. ಮಾರುಕಟ್ಟೆಯ ಪದಗಳಿಗೂ ಇದೇ ಶಕ್ತಿಯಿದೆ. ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಗೆ ನಾಲ್ಕು ದರ್ಜೆ, ನಾಲ್ಕು ಬೆಲೆ. ಕೊಯಿಲು ತಡವಾಗಿ ಬಲಿತ ಕಾಯಿಯಿಂದ ಬರುವ ಗೊರಬಲಿನ ಪಾಲು ಈ ವರ್ಷ ಹೆಚ್ಚು ಎಂದು ಅಪ್ಪ ಊಟದ ನಡುವೆ ಒಂದು ವಾಕ್ಯ ಹೇಳಿದರೆ, ಕೊಯಿಲು ಹೊತ್ತಿಗೆ ಸರಿಯಾಗಿ ಆಗಲಿಲ್ಲ ಎಂಬ ಇಡೀ ಆಪಾದನೆ ಮಗನ ಎಲೆಗೆ ಬಡಿಸಿದಂತಾಗುತ್ತದೆ.

ಇನ್ನು ಸಾಗರದ ಆಚೆಯ ಆ ಮನೆಗೆ ಮರಳಬಹುದು. ಗಂಟೆ ಹತ್ತೂವರೆಯಾಗಿದೆ. ಮಗ ಕೆಳಗಿಳಿದು ಹೋಗುವಂತೆ ಬರೆಯಬಹುದು. ಆಗ ಕತೆ ಕಂಪನಿಯ ಕಡೆಗೆ ಬೆಳೆಯುತ್ತದೆ. ಅವನು ಕುಳಿತೇ ಇರುವಂತೆ ಬರೆಯುವುದು ಹೆಚ್ಚು ಕಷ್ಟ ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಫಲ ಕೊಡುವ ದಾರಿ, ಏಕೆಂದರೆ ತೋಟ ಅವನಿಗೆ ಕಾಣಿಸುವುದಿಲ್ಲ, ಕಿಟಕಿಯಿಂದ ಕೇಳಿಸುತ್ತದೆ ಅಷ್ಟೆ. ಕೊನೆಯೊಂದು ಹಗ್ಗದ ಮೇಲೆ ಸರಸರನೆ ಜಾರಿ ಬರುವ ಸದ್ದು ಕೇಳುತ್ತದೆ. ಕೈಗೆ ಸಿಕ್ಕಿದರೆ ಅದರ ಬೆನ್ನಿಗೆ ಮೌನ, ತಪ್ಪಿದರೆ ನೆಲಕ್ಕೆ ಬಡಿದು ಕಾಯಿ ಚೆಲ್ಲಿದ ಸದ್ದು. ಪರದೆಯ ಮೇಲೆ ಎಂಟು ಮುಖಗಳು ಅವನ ಮಾತಿಗಾಗಿ ಕಾಯುತ್ತಿವೆ. ಅವನು ಆರು ತಿಂಗಳ ಕೆಲಸವನ್ನು ಸ್ಪಷ್ಟವಾಗಿ, ಒಂದು ತಪ್ಪೂ ಇಲ್ಲದೆ ವಿವರಿಸುತ್ತಿದ್ದಾನೆ. ಪ್ರತಿ ವಾಕ್ಯದ ಕೊನೆಗೂ ಒಂದು ಕ್ಷಣ ನಿಲ್ಲಿಸುತ್ತಾನೆ. ನಿಮ್ಮ ಕಡೆ ನೆಟ್‌ವರ್ಕ್ ತೊಂದರೆ ಇದೆಯೇ ಎಂದು ಯಾರೋ ಕೇಳುತ್ತಾರೆ. ಇಲ್ಲ ಎಂದು ಹೇಳಿ ಅವನು ಮತ್ತೆ ನಿಲ್ಲಿಸುತ್ತಾನೆ, ಮೇಲೆ ಇನ್ನೊಂದು ಕೊನೆ ಹಗ್ಗಕ್ಕೆ ಬಿದ್ದಿದೆ.